ಯಂತ್ರ ಕೊಳ್ಳುವ ಮುನ್ನ ತಿರುಳನ್ನೂ ಪರೀಕ್ಷಿಸೋಣ

(ಲೇಖಕರು ಮಾಯಸಂದ್ರದಲ್ಲಿ ವೃತ್ತಿನಿರತ ಸನ್ನದು ಲೆಕ್ಕಪರಿಶೋಧಕರು)

ಆರ್ಥಿಕ ವರ್ಷದ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವ ದಿನಗಳಲ್ಲಿ ನಮ್ಮ ಭಾಗದ ವರ್ತಕರೊಬ್ಬರು ನನ್ನ ಕಚೇರಿಗೆ ಒಂದು ಕೈಚೀಲ ಹಿಡಿದು ಬಂದರು. ಅವರದು ಮೂಲತಃ ಕಿರಾಣಿ ಅಂಗಡಿ; ಹಂಗಾಮಿನಲ್ಲಿ ಕೊಬ್ಬರಿ ಖರೀದಿಯೂ ಉಂಟು. ಬ್ಯಾಂಕೊಂದರ ಪರವಾಗಿ ಹಳ್ಳಿಗರಿಗೆ ಹಣ ಪಾವತಿಸುವ ‘ಬ್ಯಾಂಕ್ ಮಿತ್ರ’ ಕೇಂದ್ರವನ್ನೂ ಅದೇ ಅಂಗಡಿಯ ಮೂಲೆಯಲ್ಲಿ ನಡೆಸುತ್ತಾರೆ. ಚೀಲದೊಳಗೆ ನಾಲ್ಕು ಕೈಯಂತ್ರಗಳಿದ್ದವು. “ಇವನ್ನು ಲೆಕ್ಕದಿಂದ ತೆಗೆದುಬಿಡಿ ಸಾರ್” ಎಂದರು. ಒಂದನ್ನು ಎತ್ತಿಕೊಂಡು ಗುಂಡಿ ಒತ್ತಿದೆ. ಪರದೆ ಬೆಳಗಿತು. ಚೆನ್ನಾಗಿಯೇ ಇದೆಯಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇಷ್ಟೇ: “ಯಂತ್ರ ಕೆಟ್ಟಿಲ್ಲ ಸಾರ್. ಆದರೆ ನಡೆಯುವುದಿಲ್ಲ.”

ವಿಚಾರಿಸಲಾಗಿ ತಿಳಿದುಬಂದದ್ದು ಹೀಗಿದೆ. ಮೂರು ವರ್ಷಗಳ ಹಿಂದೆ ತಲಾ ₹22,000 ತೆತ್ತು ಅವುಗಳನ್ನು ಕೊಂಡಿದ್ದರು. ನಿಯಮ ಬದಲಾದ ಕಾರಣ ಹೆಬ್ಬೆಟ್ಟು ಒತ್ತುವ ಸಾಧನವನ್ನು ಹೊಸದಾಗಿ ತಂದು ಜೋಡಿಸಬೇಕಾಯಿತು. ಆ ಹೊಸ ಸಾಧನವು ಕೈಯಂತ್ರದಲ್ಲಿ ಹೊಸ ಆವೃತ್ತಿಯ ಕಾರ್ಯಾಚರಣಾ ವ್ಯವಸ್ಥೆಯನ್ನು ಬೇಡುತ್ತದೆ. ಕೈಯಂತ್ರ ಮಾರಿದವರೋ ಆ ಮಾದರಿಯನ್ನು ಕೈಬಿಟ್ಟು ಬಹುಕಾಲವಾಗಿದೆ, ದೂರವಾಣಿಯನ್ನು ಎತ್ತುವವರಿಲ್ಲ. ಬೇರೆ ತಂತ್ರಜ್ಞರಿಂದ ಹೊಸ ಆವೃತ್ತಿ ಹಾಕಿಸೋಣವೆಂದರೆ, ಭದ್ರತೆಯ ದೃಷ್ಟಿಯಿಂದ ಯಂತ್ರವು ತನ್ನನ್ನು ಮಾರಿದವರ ಸಹಿಯುಳ್ಳ ತಂತ್ರಾಂಶವನ್ನಲ್ಲದೆ ಬೇರೇನನ್ನೂ ಸ್ವೀಕರಿಸುವುದಿಲ್ಲ. ಭದ್ರತೆಗಾಗಿ ಹೆಚ್ಚು ಹಣ ಕೊಟ್ಟದ್ದು ನಿಜ. ಆ ಭದ್ರತೆಯೇ ಈಗ ಯಂತ್ರವನ್ನು ಒಳಗಿನಿಂದ ಅಗುಳಿ ಹಾಕಿಕೊಂಡು ಕುಳ್ಳಿರಿಸಿದೆ. ಒಟ್ಟು ₹88,000.

ಈ ಪ್ರಸಂಗವು ನನ್ನನ್ನು ನನ್ನ ವೃತ್ತಿಗೆ ಸೇರದ ವಿಷಯವೊಂದರತ್ತ ಎಳೆಯಿತು. ವಾಣಿಜ್ಯ ಪದವೀಧರನಾದ ನನಗೆ ಕಂಪ್ಯೂಟರ್‌ನ ಒಳಗುಟ್ಟು ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಚಿಪ್ ತಯಾರಿಕಾ ಸಂಸ್ಥೆಯೊಂದರಲ್ಲಿ ದುಡಿಯುವ ನನ್ನ ಸೋದರಳಿಯನು ಹಬ್ಬಕ್ಕೆ ಬಂದಾಗ ಎರಡು ಸಂಜೆ ಕೂತು ಬಿಡಿಸಿ ಹೇಳಿದ. ಆತನ ಉದ್ಯೋಗವೇ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್‌ಗೆ ಸುರಕ್ಷಿತ ಫರ್ಮ್‌ವೇರ್‌ನ ಬೆಂಬಲ ಸೇರಿಸುವುದು. ಇಷ್ಟು ವರ್ಷ ಅವನು ಏನು ಕೆಲಸ ಮಾಡುತ್ತಾನೆಂದು ಬಂಧುಗಳು ಕೇಳಿದರೆ ‘ಕಂಪ್ಯೂಟರ್’ ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಆ ಕೆಲಸಕ್ಕೂ ನಮ್ಮ ಮಂಡಿಗಳಿಗೂ ಇರುವ ಸಂಬಂಧ ಈಗಲಾದರೂ ನಮ್ಮ ವರ್ತಕ ಬಂಧುಗಳಿಗೆ ತಿಳಿಯಬೇಕೆಂಬ ಉದ್ದೇಶದಿಂದ ಈ ಲೇಖನ.

ತಿರುಳು ಮತ್ತು ಕರಟ

ಕಾರ್ಯಾಚರಣಾ ವ್ಯವಸ್ಥೆಯ ಅಂತರ್ಭಾಗಕ್ಕೆ ಕರ್ನಲ್ ಎಂದೂ, ನಾವು ಕೊಡುವ ಆಜ್ಞೆಗಳನ್ನು ಹೊರಗೆ ನಿಂತು ಸ್ವೀಕರಿಸುವ ಭಾಗಕ್ಕೆ ಶೆಲ್ ಎಂದೂ ಹೆಸರು. ಅಂದರೆ ತಿರುಳು ಮತ್ತು ಕರಟ. ಹೆಸರಿಟ್ಟವರು ತಿಪಟೂರನ್ನು ಕಂಡವರಲ್ಲ, ಆದರೂ ನಮ್ಮವರಿಗೆ ಇದಕ್ಕಿಂತ ಸುಲಭವಾದ ಪಾಠ ಬೇಕಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು ಒಡೆಯುವವರೆಗೂ ಒಳಗಿರುವುದು ಉತ್ತಮ ಉಂಡೆಯೋ ಕೌಟೋ ಎಂಬುದು ಕಣ್ಣಿಗೆ ಕಾಣದು. ಅನುಭವಸ್ಥರು ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾರೆ. ಯಂತ್ರ ಕೊಳ್ಳುವಾಗ ನಾವು ಅಷ್ಟನ್ನೂ ಮಾಡುವುದಿಲ್ಲ. ಪರದೆಯ ಅಗಲ ನೋಡಿ, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂದು ಕೇಳಿ, ದರದಲ್ಲಿ ಐನೂರು ರೂಪಾಯಿ ಇಳಿಸಿಕೊಂಡು ಮನೆಗೆ ತರುತ್ತೇವೆ.

ಯಂತ್ರಕ್ಕೆ ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಕರ್ನಲ್ ಅಲ್ಲ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ತುಂಬಿಸಿಟ್ಟ ಚಿಕ್ಕದೊಂದು ತಂತ್ರಾಂಶವು ಮೊದಲು ಏಳುತ್ತದೆ. ಅದೇ ಫರ್ಮ್‌ವೇರ್‌ನ ಮೊದಲ ಮೆಟ್ಟಿಲು. ಅದು ಮುಂದಿನದನ್ನು ಎಬ್ಬಿಸುತ್ತದೆ, ಮುಂದಿನದು ಕರ್ನಲ್ಲನ್ನು ಎಬ್ಬಿಸುತ್ತದೆ, ಕರ್ನಲ್ ಎದ್ದ ಮೇಲೆಯೇ ನಮ್ಮ ಬಿಲ್ಲಿಂಗ್, ಪಾವತಿ ಮೊದಲಾದ ತಂತ್ರಾಂಶಗಳು. ಲೆಕ್ಕದವರ ಭಾಷೆಯಲ್ಲಿ ಹೇಳುವುದಾದರೆ ಫರ್ಮ್‌ವೇರ್ ಎಂಬುದು ಆರಂಭಿಕ ಶಿಲ್ಕು. ಆರಂಭಿಕ ಶಿಲ್ಕೇ ತಪ್ಪಾಗಿದ್ದರೆ ವರ್ಷವಿಡೀ ಬರೆದ ನಮೂದುಗಳೆಲ್ಲ ಸರಿಯಿದ್ದರೂ, ಕೂಡಿಕೆ ಕಳೆಯುವಿಕೆ ಪೈಸೆಗೆ ಪೈಸೆ ತಾಳೆಯಾದರೂ, ಅಂತಿಮ ಶಿಲ್ಕು ಸುಳ್ಳೇ. ತಳದ ತಂತ್ರಾಂಶವನ್ನು ತಿದ್ದಿದವನು ಮೇಲಿನ ಯಾವ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಪರೀಕ್ಷೆ ಮಾಡುವ ತಂತ್ರಾಂಶವೂ ಅವನ ಮಾತನ್ನೇ ಕೇಳಿ ನಡೆಯುತ್ತಿರುತ್ತದೆ. ಆದ್ದರಿಂದಲೇ ಒಂದೊಂದು ಹಂತವೂ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರಿಶೀಲಿಸಿದ ನಂತರವೇ ಅಧಿಕಾರ ಹಸ್ತಾಂತರಿಸುವ ಪದ್ಧತಿ ಬಂದಿತು. ಇದಕ್ಕೆ ಸುರಕ್ಷಿತ ಬೂಟ್ ಎನ್ನುತ್ತಾರೆ.

ಇಲ್ಲಿಗೆ ಮುಗಿಯಲಿಲ್ಲ. ಕರ್ನಲ್ ಎಂಬುದು ಕೋಟ್ಯಂತರ ಸಾಲುಗಳ ಸಂಕೇತವಿರುವ ಬೃಹತ್ ರಚನೆ. ಅದರಲ್ಲಿ ದೋಷಗಳು ಸಿಗುತ್ತಲೇ ಇರುತ್ತವೆ. ಗುಪ್ತ ಕೀಲಿಗಳನ್ನು ಅದರ ಕೈಗೆ ಕೊಡುವುದು ತರವಲ್ಲವೆಂದು ಆರ್ಮ್ ಸಂಸ್ಥೆಯ ವಿನ್ಯಾಸದ ಚಿಪ್ಪುಗಳಲ್ಲಿ ಟ್ರಸ್ಟ್‌ಜೋನ್ ಎಂಬ ಏರ್ಪಾಡನ್ನು ತಂದರು. ಒಂದೇ ಚಿಪ್ಪಿನೊಳಗೆ ಎರಡು ಕೋಣೆ. ದೊಡ್ಡ ಕೋಣೆಯಲ್ಲಿ ಕರ್ನಲ್ ಮತ್ತು ನಮ್ಮೆಲ್ಲ ವ್ಯವಹಾರ. ಚಿಕ್ಕ ಭದ್ರ ಕೋಣೆಯಲ್ಲಿ ಕೀಲಿಗಳು ಮತ್ತು ಸಹಿ ಹಾಕುವ ಪುಟ್ಟ ತಂತ್ರಾಂಶ. ಭದ್ರ ಕೋಣೆಯ ಸ್ಮೃತಿಯನ್ನು ಕರ್ನಲ್ ಕೂಡ ಇಣುಕಿ ನೋಡಲಾರದು. ಹಳೆಯ ಕಾಲದ ಖಜಾನೆಯ ಕಿಟಕಿಯಂತೆ ಚೀಟಿ ಒಳಗೆ ಹೋಗಬೇಕು, ಸಹಿಯಾಗಿ ಹೊರಗೆ ಬರಬೇಕು.

ಆ ಚೀಟಿಯನ್ನು ಕಿಟಕಿಗೆ ಒಯ್ದು ಕೊಡುವ ಗುಮಾಸ್ತ ಯಾರು? ಆತನು ಕರ್ನಲ್‌ನೊಳಗಿನ ಒಂದು ಚಾಲಕ ತಂತ್ರಾಂಶ. ಸುರಕ್ಷಿತ ಫರ್ಮ್‌ವೇರ್‌ಗೆ ಕರ್ನಲ್‌ನಲ್ಲಿ ಬೆಂಬಲ ಸೇರಿಸುವುದೆಂದರೆ ಈ ಗುಮಾಸ್ತನನ್ನು ನೇಮಿಸುವುದೇ ಆಗಿದೆ. ಮೊದಮೊದಲು ಪ್ರತಿಯೊಂದು ತಯಾರಕ ಸಂಸ್ಥೆಯೂ ತನ್ನದೇ ಗುಮಾಸ್ತನನ್ನು, ತನ್ನದೇ ಚೀಟಿಯ ನಮೂನೆಯನ್ನು ಇಟ್ಟುಕೊಂಡಿತ್ತು. ಭದ್ರ ಕೋಣೆಯೊಳಗೆ ನಡೆಯುವ ಆಪ್‌-ಟೀ ಎಂಬ ವ್ಯವಸ್ಥೆಯನ್ನು 2014ರಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಲಾಯಿತು. ತರುವಾಯ 2017ರ ಜುಲೈನಲ್ಲಿ ಹೊರಬಂದ ಲಿನಕ್ಸ್ 4.12 ಆವೃತ್ತಿಯಲ್ಲಿ ಇಂಥ ಭದ್ರ ಕೋಣೆಗಳೊಡನೆ ವ್ಯವಹರಿಸುವ ಸಾಮಾನ್ಯ ವ್ಯವಸ್ಥೆಯೊಂದು ಸಾರ್ವಜನಿಕ ಕರ್ನಲ್‌ನ ಅಂಗವಾಯಿತು. ನಮ್ಮ ಅಂಗಡಿಗಳಲ್ಲಿರುವ ಆಂಡ್ರಾಯ್ಡ್ ಕೈಯಂತ್ರಗಳ ಒಡಲಲ್ಲಿರುವುದೂ ಇದೇ ಲಿನಕ್ಸ್ ಕರ್ನಲ್.

ಸಾರ್ವಜನಿಕ ಕರ್ನಲ್‌ನಲ್ಲಿ ಸೇರಿದ ಚಾಲಕಕ್ಕೂ ತಯಾರಕನ ಖಾಸಗಿ ಪ್ರತಿಯಲ್ಲಷ್ಟೇ ಉಳಿದ ಚಾಲಕಕ್ಕೂ ಇರುವ ವ್ಯತ್ಯಾಸವೇ ಈ ಲೇಖನದ ಮುಖ್ಯ ವಿಷಯ. ಸಾರ್ವಜನಿಕ ಕರ್ನಲ್‌ನ ಒಳರಚನೆ ಪ್ರತಿ ಆವೃತ್ತಿಯಲ್ಲೂ ಬದಲಾಗುತ್ತದೆ. ಅಲ್ಲಿ ಒಂದು ರೂಢಿಯಿದೆ: ಒಳಗಿನ ಒಂದು ಏರ್ಪಾಡನ್ನು ಯಾರು ಬದಲಿಸುತ್ತಾರೋ ಅವರೇ, ಅದನ್ನು ಬಳಸುವ ಒಳಗಿನ ಎಲ್ಲ ಚಾಲಕಗಳನ್ನೂ ತಿದ್ದಿಕೊಡಬೇಕು. ಹೀಗಾಗಿ ಒಳಗೆ ಸೇರಿದ ಚಾಲಕವು, ಅದನ್ನು ಬರೆದ ಸಂಸ್ಥೆ ಆಸಕ್ತಿ ಕಳೆದುಕೊಂಡರೂ, ಬಹುಮಟ್ಟಿಗೆ ಕಾಲದೊಡನೆ ಸಾಗುತ್ತದೆ. ಹೊರಗೆ ಉಳಿದ ಚಾಲಕಕ್ಕೆ ಆ ಭಾಗ್ಯವಿಲ್ಲ. ಪ್ರತಿ ಹೊಸ ಆವೃತ್ತಿಗೂ ತಯಾರಕನೇ ಅದನ್ನು ಹೊಂದಿಸಬೇಕು. ಲಾಭವಿಲ್ಲವೆಂದು ಅವನು ಕೈಬಿಟ್ಟ ದಿನವೇ ಯಂತ್ರದ ಆಯುಷ್ಯ ಮುಗಿಯಿತು. ನನ್ನ ಗ್ರಾಹಕರ ನಾಲ್ಕು ಕೈಯಂತ್ರಗಳ ಗತಿ ಇದೇ. ಸುರಕ್ಷಿತ ಫರ್ಮ್‌ವೇರ್ ಇತ್ತು, ಭದ್ರ ಕೋಣೆ ಇತ್ತು, ಗುಮಾಸ್ತನು ಮಾತ್ರ ಖಾಸಗಿ ನೌಕರನಾಗಿದ್ದ.

ಭೂಮಿಯಿಂದ ಹೆಬ್ಬೆಟ್ಟಿನವರೆಗೆ

ಇದು ನಗರದವರ ಚಿಂತೆ, ನಮಗೇಕೆ ಎಂದು ಕೇಳುವವರಿದ್ದಾರೆ. ಬೆರಳ ಗುರುತನ್ನು ಸರ್ಕಾರಿ ಕಂಪ್ಯೂಟರ್‌ಗೆ ಜೋಡಿಸಿದ ಅನುಭವ ಕರ್ನಾಟಕದ ಹಳ್ಳಿಗಳಿಗೆ ದೇಶದ ಅನೇಕ ಭಾಗಗಳಿಗಿಂತ ಮೊದಲೇ ಆಗಿದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್‌ಗೆ ಏರಿದಾಗ, ದಾಖಲೆಗೆ ಕೈಹಚ್ಚುವ ಸಿಬ್ಬಂದಿ ಬೆರಳೊತ್ತಿ ತಮ್ಮ ಗುರುತು ಕೊಡಬೇಕಿತ್ತು. ‘ಬದಲಾವಣೆ ಮಾಡಿದ್ದು ನಾನಲ್ಲ’ ಎಂದು ನಂತರ ಜಾರಿಕೊಳ್ಳಲು ಆಗಬಾರದೆಂಬುದು ಅದರ ಉದ್ದೇಶ. ಹದಿನೈದು ರೂಪಾಯಿ ಕೊಟ್ಟು ಪಹಣಿ ಪಡೆದ ನೆನಪು ನಮ್ಮಲ್ಲಿ ಅನೇಕರಿಗಿದೆ. (ಬೆರಳಚ್ಚು ಯಂತ್ರ ಎಂದರೆ ನಮ್ಮ ಪೀಳಿಗೆಗೆ ಟೈಪ್‌ರೈಟರ್, ಆದಕಾರಣ ಈ ಲೇಖನದಲ್ಲಿ ಆ ಪದವನ್ನು ಬಳಸಿಲ್ಲ.) ಆಗ ಬೆರಳೊತ್ತುತ್ತಿದ್ದವರು ನೌಕರರು. ಈಗ ಬೆರಳೊತ್ತುವವರು ಪಡಿತರಕ್ಕೆ ಬಂದ ಅಜ್ಜಿ, ಪಿಂಚಣಿಗೆ ಬಂದ ಅಜ್ಜ, ಕೊಬ್ಬರಿ ನೋಂದಣಿಗೆ ಬಂದ ರೈತ. 2024ರಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಯ ಸಂದರ್ಭದಲ್ಲಿ ನೋಂದಣಿಯ ಬಗ್ಗೆ ಎದ್ದ ಆಕ್ಷೇಪಗಳೂ, ಸರದಿ ಸಾಲುಗಳೂ ತುರುವೇಕೆರೆ, ತಿಪಟೂರು ಭಾಗದವರಿಗೆ ಮರೆತಿರಲಾರವು. ಕ್ವಿಂಟಲ್‌ಗೆ ಕೇಂದ್ರದ ₹12,000, ಅದರ ಮೇಲೆ ರಾಜ್ಯದ ₹1,500 ಎಂದಾಗ, ಮುಕ್ತ ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿದ್ದ ಆ ದಿನಗಳಲ್ಲಿ, ಸಾಲಿನಲ್ಲಿ ಯಾರ ಬೆರಳು ಮೊದಲು ದಾಖಲಾಗುತ್ತದೆ ಎಂಬುದೇ ಒಂದು ಕುಟುಂಬದ ವರ್ಷದ ಆದಾಯವನ್ನು ನಿರ್ಧರಿಸುವಂತಿತ್ತು. 2025ರಲ್ಲಿ ದರ ₹20,000 ದಾಟಿ ಏರಿದ್ದರಿಂದ ಆ ಸಂಕಟವನ್ನು ನಾವು ಮರೆತೆವು. ದರ ಮತ್ತೆ ಇಳಿಯುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ.

ಬೆರಳಿನ ಗುರುತು ಕಳುವಾದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಕರ್ನಾಟಕ ಕಂಡಿತು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸಿದ ಹಲವರ ಬ್ಯಾಂಕ್ ಖಾತೆಗಳಿಂದ, ಅವರ ಅರಿವಿಗೇ ಬಾರದೆ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೊರಟುಹೋಯಿತು. ಅಂತರ್ಜಾಲದಿಂದ ಪಡೆದ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳಿಂದ ನಕಲಿ ಬೆರಳು ತಯಾರಿಸಿದ್ದರೆಂಬುದು ಪೊಲೀಸ್ ತನಿಖೆಯಲ್ಲಿ ಹೊರಬಂದಿತು. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವ ಸೌಲಭ್ಯದ ಬಗ್ಗೆ ನಮ್ಮ ಗ್ರಾಹಕರು ಕೇಳತೊಡಗಿದ್ದು ಆಗಲೇ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆಧಾರ್ ಪ್ರಾಧಿಕಾರವು 2017ರಲ್ಲಿ ‘ನೋಂದಾಯಿತ ಸಾಧನ’ಗಳ ಪದ್ಧತಿಯನ್ನು ತಂದಾಗ ಎರಡು ಮಟ್ಟಗಳನ್ನು ಗೊತ್ತುಪಡಿಸಿತು. ಎಲ್‌-0 ಸಾಧನದಲ್ಲಿ ಬೆರಳಿನ ಗುರುತಿಗೆ ಸಹಿ ಬೀಳುವುದು ಕೈಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಮಟ್ಟದಲ್ಲಿ, ಎಂದರೆ ದೊಡ್ಡ ಕೋಣೆಯಲ್ಲಿ. ಎಲ್‌-1 ಸಾಧನದಲ್ಲಿ ಸಹಿಯೂ ಗೂಢಲಿಪೀಕರಣವೂ ನಡೆಯುವುದು ಭದ್ರ ಕೋಣೆಯೊಳಗೆ. ಎಲ್‌-0 ಬೆರಳ ಸಾಧನಗಳನ್ನು ಹಿಂತೆಗೆದು ಎಲ್‌-1ಕ್ಕೆ ಹೋಗಬೇಕೆಂದು ಇತ್ತೀಚಿನ ವರ್ಷಗಳಲ್ಲಿ ಪ್ರಾಧಿಕಾರವು ಸೂಚಿಸಿದ್ದು ಸರಿಯಾದ ಕ್ರಮ. ನನ್ನ ಗ್ರಾಹಕರು ಹೊಸ ಸಾಧನ ತರಬೇಕಾಗಿ ಬಂದದ್ದೂ ಇದರಿಂದಲೇ, ಅದಕ್ಕಾಗಿ ನನ್ನ ದೂರಿಲ್ಲ. ಹಿಂದೊಮ್ಮೆ ಪಡೆದ ಗುರುತನ್ನು ಉಳಿಸಿಟ್ಟುಕೊಂಡು ತಂತಿಯ ಮಧ್ಯೆ ಮತ್ತೆ ತೂರಿಸುವ ವಂಚನೆಯನ್ನು ಭದ್ರ ಕೋಣೆ ತಡೆಯುತ್ತದೆ. ಆದರೆ ಗಾಜಿನ ಮೇಲೆ ರಬ್ಬರಿನ ಬೆರಳನ್ನೇ ಇಟ್ಟರೆ? ಕೋಣೆಯೊಳಗಿನವನು ಅದಕ್ಕೂ ನಿಷ್ಠೆಯಿಂದ ಸಹಿ ಹಾಕಿಕೊಡುತ್ತಾನೆ. ಅದನ್ನು ಹಿಡಿಯಲು ಬೆರಳು ಜೀವಂತವೋ ಅಲ್ಲವೋ ಎಂದು ನೋಡುವ ಬೇರೆಯೇ ಪರೀಕ್ಷೆ ಬೇಕು. 2023ರ ಫೆಬ್ರವರಿಯಲ್ಲಿ ಪ್ರಾಧಿಕಾರವು ಅಂಥದೊಂದನ್ನು ಜಾರಿಗೆ ತಂದಿತು. ವಂಚಕರು ಹೊಸ ಉಪಾಯ ಹುಡುಕಿದಂತೆಲ್ಲ ಇಂಥ ಪರೀಕ್ಷೆಗಳನ್ನೂ ಹೊಸದಾಗಿ ಯಂತ್ರಕ್ಕೆ ತುಂಬುತ್ತಲೇ ಇರಬೇಕಾಗುತ್ತದೆ. ಒಮ್ಮೆ ಮಾರಿ ಕೈತೊಳೆದುಕೊಂಡ ಯಂತ್ರಕ್ಕೆ ತುಂಬುವವರು ಯಾರು? ‘ನಮ್ಮದು ಎಲ್‌-1, ಆದ್ದರಿಂದ ಸಂಪೂರ್ಣ ಸುರಕ್ಷಿತ’ ಎಂದು ಮಾರಾಟಗಾರರು ಹೇಳುವ ಮಾತು ಅರ್ಧ ಸತ್ಯವೆಂಬುದನ್ನು ನೆನಪಿಡಬೇಕು.

ತೂಕದ ಯಂತ್ರಗಳ ವಿಷಯವೂ ಸ್ವಲ್ಪ ಹೀಗೆಯೇ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ನಡೆಸಿ ಮುದ್ರೆ ಹಾಕುತ್ತಾರೆ. ಸೀಸದ ಮುದ್ರೆಯು ತಿರುಪನ್ನು ಕಾಯುತ್ತದೆ, ಒಳಗಿನ ತಂತ್ರಾಂಶವನ್ನಲ್ಲ. 2017ರ ಏಪ್ರಿಲ್‌ನಲ್ಲಿ ಲಕ್ನೋದ ಪೆಟ್ರೋಲ್ ಬಂಕ್‌ಗಳಲ್ಲಿ ಇಂಧನ ಕಡಿಮೆ ಬೀಳುವಂತೆ ಮಾಡುವ ಚಿಪ್‌ಗಳು ಪತ್ತೆಯಾದಾಗ ದೇಶಕ್ಕೆಲ್ಲ ಇದು ಮನದಟ್ಟಾಯಿತು. ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ತಕ್ಕಡಿಗಳು ಸರಳವಾದವು, ಅವುಗಳಲ್ಲಿ ಕರ್ನಲ್ ಎಂಬುದೇ ಇಲ್ಲ. ಆದರೆ ತೂಕವನ್ನು ತಾನಾಗಿಯೇ ಕಂಪ್ಯೂಟರ್‌ಗೆ ಕಳುಹಿಸಿ ಚೀಟಿ ಮುದ್ರಿಸುವ ಬಗೆಯವು ಬರುತ್ತಿವೆ. ಅವನ್ನು ಕೊಳ್ಳುವ ಮುನ್ನವೂ ಇದೇ ವಿಚಾರಣೆ ಅಗತ್ಯ.

ಸಹಿ ಯಾರದು?

ನನ್ನ ಸೋದರಳಿಯನೊಂದಿಗೆ ಒಂದು ಅಂಶದಲ್ಲಿ ಭಿನ್ನಾಭಿಪ್ರಾಯ ಉಳಿದೇಹೋಯಿತು. ಸಹಿಯಿಲ್ಲದ ತಂತ್ರಾಂಶವನ್ನು ಯಂತ್ರ ಸ್ವೀಕರಿಸಲೇಬಾರದು, ಅದರಲ್ಲಿ ರಿಯಾಯಿತಿ ಕೊಟ್ಟರೆ ಭದ್ರತೆಯೇ ಇಲ್ಲ ಎಂಬುದು ಅವನ ನಿಲುವು. ತಾಂತ್ರಿಕವಾಗಿ ಅದು ಸರಿಯಿರಬಹುದು. ಆದರೆ ಸಹಿ ಹಾಕುವ ಅಧಿಕಾರ ಒಬ್ಬನ ಬಳಿ ಮಾತ್ರ ಇದ್ದು, ಅವನು ಅಂಗಡಿ ಮುಚ್ಚಿಕೊಂಡು ಹೋದರೆ, ಹಣ ಕೊಟ್ಟು ಕೊಂಡವನ ಆಸ್ತಿ ಯಾರದ್ದಾಯಿತು? ಪಾಲುದಾರಿಕೆ ಸಂಸ್ಥೆಯಲ್ಲಿ ಚೆಕ್ಕಿಗೆ ಸಹಿ ಹಾಕುವ ಪಾಲುದಾರನು ತೀರಿಕೊಂಡರೆ ಮುಂದೆ ಯಾರು ಎಂಬುದನ್ನು ನಾವು ಕರಾರುಪತ್ರದಲ್ಲೇ ಬರೆಯುತ್ತೇವೆ. ಯಂತ್ರದ ಖರೀದಿಯಲ್ಲಿ ಆ ವಿವೇಕ ನಮಗೆ ಏಕೆ ಬರಬಾರದು?

ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲೂ ಈ ಪ್ರಶ್ನೆ ಇದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಸುರಕ್ಷಿತ ಬೂಟ್ ಸಾಮಾನ್ಯವಾಯಿತು; ಬಹುತೇಕ ಕಂಪ್ಯೂಟರ್‌ಗಳ ಫರ್ಮ್‌ವೇರ್‌ನಲ್ಲಿ ತುಂಬಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ಪ್ರಮಾಣಪತ್ರಗಳು. ಪ್ರತಿಸ್ಪರ್ಧಿಯಾದ ಲಿನಕ್ಸ್ ವಿತರಕರೂ ‘ಶಿಮ್’ ಎಂಬ ಚಿಕ್ಕ ತಂತ್ರಾಂಶಕ್ಕೆ ಅದೇ ಸಂಸ್ಥೆಯಿಂದ ಸಹಿ ಹಾಕಿಸಿಕೊಂಡು ಒಳಬರಬೇಕಾಯಿತು. ಆ ಪ್ರಮಾಣಪತ್ರಗಳು 2011ರವು. ಅವುಗಳ ಅವಧಿ 2026ರ ಜೂನ್ ತಿಂಗಳಿಂದ ಮೊದಲ್ಗೊಂಡು ಒಂದೊಂದಾಗಿ ಮುಗಿಯುವಂತೆ ನಿಗದಿಯಾದದ್ದು. ಡಿಜಿಟಲ್ ಸಹಿ ಪ್ರಮಾಣಪತ್ರದ ಅವಧಿ ರಿಟರ್ನ್ ಸಲ್ಲಿಸುವ ಕಡೆಯ ದಿನವೇ ಮುಗಿದಿದೆಯೆಂದು ಕಂಡುಕೊಂಡು ರಾತ್ರಿಯಿಡೀ ಒದ್ದಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅವಧಿ ಮುಗಿದೊಡನೆ ಕಂಪ್ಯೂಟರ್ ನಿಂತುಹೋಗುವುದಿಲ್ಲ, ಗಾಬರಿ ಬೇಡ. ಹೊಸ ಪ್ರಮಾಣಪತ್ರ ಸೇರಿರದಿದ್ದರೆ ಆರಂಭಿಕ ಹಂತದ ಭದ್ರತಾ ಪರಿಷ್ಕರಣೆಗಳು ಅದಕ್ಕೆ ಮುಂದೆ ದೊರೆಯುವುದಿಲ್ಲ, ಅಷ್ಟೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ನನ್ನ ಕಚೇರಿಯ ಎರಡು ಕಂಪ್ಯೂಟರ್‌ಗಳು ಈ ಕಾರಣದಿಂದಲೇ ನಿವೃತ್ತಿ ಹೊಂದಿದವು. ಅವುಗಳ ಕೀಲಿಮಣೆಗಳು ಇನ್ನೂ ಹೊಸದರಂತಿವೆ.

ಈ ಸಂದರ್ಭದಲ್ಲಿ ಬೆಂಗಳೂರಿನದೇ ಹಳೆಯದೊಂದು ಪ್ರಯತ್ನ ನೆನಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಯಂತ್ರವು ಲಿನಕ್ಸ್ ಮೇಲೆ ನಡೆಯುತ್ತಿತ್ತು, ಸ್ಮಾರ್ಟ್ ಕಾರ್ಡ್ ಓದುತ್ತಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂದಿತು. ಬೆಲೆಯಲ್ಲೂ ಪ್ರಸಾರದಲ್ಲೂ ಮೊಬೈಲ್ ಫೋನಿನ ಮುಂದೆ ನಿಲ್ಲಲಿಲ್ಲ. ಆದರೆ ಗ್ರಾಮೀಣರ ಕೈಗೆ ಹೋಗುವ ಯಂತ್ರದ ಒಳಗೇನಿದೆ ಎಂಬುದು ಬಹಿರಂಗವಾಗಿರಬೇಕು ಎಂಬ ಅವರ ಧೋರಣೆ ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಲೆಕ್ಕದ ಪುಸ್ತಕದಲ್ಲಿ

ಈಗ ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಕಂಪ್ಯೂಟರ್ ಹಾಗೂ ತಂತ್ರಾಂಶಗಳಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ನಾವು ಶೇ. 40ರ ದರದಲ್ಲಿ ಸವಕಳಿ ಹಾಕುತ್ತ ಬಂದಿದ್ದೇವೆ. ₹22,000ದ ಯಂತ್ರವು ಒಂದನೆಯ ವರ್ಷದ ಕೊನೆಗೆ ₹13,200, ಎರಡನೆಯ ವರ್ಷಕ್ಕೆ ₹7,920, ಮೂರನೆಯ ವರ್ಷಕ್ಕೆ ₹4,752. ನಾಲ್ಕಕ್ಕೂ ಸೇರಿ ಉಳಿದದ್ದು ₹19,008. ‘ತೆಗೆದುಬಿಡಿ ಸಾರ್’ ಎಂದೊಡನೆ ತೆಗೆಯಲು ಬರುವುದಿಲ್ಲ. ತೆರಿಗೆಯ ಕಣ್ಣಿಗೆ ಬಿಡಿ ಯಂತ್ರವೆಂಬುದಿಲ್ಲ, ಒಂದೇ ದರದ ಆಸ್ತಿಗಳ ಸಮೂಹವಷ್ಟೇ ಇರುವುದು. ಆ ಸಮೂಹದಲ್ಲಿ ಬೇರೆ ಕಂಪ್ಯೂಟರ್ ಉಳಿದಿರುವವರೆಗೆ ಸತ್ತ ಯಂತ್ರದ ನಷ್ಟವನ್ನು ಒಮ್ಮೆಗೇ ಕಳೆಯುವಂತಿಲ್ಲ. ವರ್ಷ ವರ್ಷವೂ ಶೇ. 40ರಂತೆ ಕರಗಿಸುತ್ತ ಹೋಗಬೇಕು. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯೂ ಇಂಥ ಬಳಕೆಯ ಯಂತ್ರಗಳಿಗೆ 3 ವರ್ಷದ ಉಪಯುಕ್ತ ಆಯುಷ್ಯವನ್ನು ಹೇಳುತ್ತದೆ. ಕಾನೂನು ಮಾಡಿದವರು ಈ ಮಟ್ಟಿಗೆ ವಾಸ್ತವವಾದಿಗಳು. ಆದರೆ ನಮ್ಮ ವರ್ತಕರು ಯಂತ್ರ ಕೊಳ್ಳುವಾಗ ಮನಸ್ಸಿನಲ್ಲಿ ಹಾಕಿಕೊಳ್ಳುವ ಲೆಕ್ಕ ಏಳೆಂಟು ವರ್ಷದ್ದು, ಕಬ್ಬಿಣದ ತಕ್ಕಡಿಯ ಲೆಕ್ಕ.

ಬೆಲೆಯನ್ನು ಯಂತ್ರದ ಆಯುಷ್ಯದಿಂದಲ್ಲ, ಸಹಿಯುಳ್ಳ ಪರಿಷ್ಕರಣೆಗಳು ಎಷ್ಟು ವರ್ಷ ಬರುತ್ತವೆಯೋ ಅಷ್ಟರಿಂದ ಭಾಗಿಸಿ ನೋಡಬೇಕು. ಮೂರು ವರ್ಷ ಪರಿಷ್ಕರಣೆ ಸಿಗುವ ₹22,000ದ ಯಂತ್ರ ವರ್ಷಕ್ಕೆ ₹7,333 ತಿನ್ನುತ್ತದೆ. ಏಳು ವರ್ಷ ಸಿಗುವ ₹35,000ದ ಯಂತ್ರ ತಿನ್ನುವುದು ₹5,000. ಅಗ್ಗದ್ದು ಯಾವುದು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಪರಿಷ್ಕರಣೆಯ ಕಾಲಾವಧಿ ಮಾರಾಟಗಾರನ ಮರ್ಜಿಯೊಂದನ್ನೇ ಅವಲಂಬಿಸಿಲ್ಲ. ಲಿನಕ್ಸ್ ಕರ್ನಲ್‌ನ ದೀರ್ಘಾವಧಿ ಆವೃತ್ತಿಗಳ ಪಾಲನೆಯನ್ನು ಆರು ವರ್ಷದಿಂದ ಎರಡು ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ಅದರ ನಿರ್ವಾಹಕರು ಪ್ರಕಟಿಸಿದರು. ಹಳೆಯ ಆವೃತ್ತಿಗೆ ತೇಪೆ ಹಾಕುತ್ತ ಕೂರುವ ಬದಲು ಹೊಸದಕ್ಕೆ ಬನ್ನಿ ಎಂಬುದು ಅದರ ತಾತ್ಪರ್ಯ. ಚಾಲಕಗಳೆಲ್ಲ ಸಾರ್ವಜನಿಕ ಕರ್ನಲ್‌ನಲ್ಲಿರುವ ಯಂತ್ರವು ಹಾಗೆ ಬರಬಲ್ಲದು. ಖಾಸಗಿ ಚಾಲಕದ ಯಂತ್ರ ಬರಲಾರದು. ವಿದ್ಯುತ್ ಜಾಲ, ರೈಲ್ವೆಯಂಥ ಉಪಯೋಗಗಳಿಗೆ ಹತ್ತು ವರ್ಷ ಪಾಲನೆ ಕೊಡಬೇಕೆಂದೇ 2016ರಲ್ಲಿ ಹುಟ್ಟಿದ ಪ್ರತ್ಯೇಕ ಯೋಜನೆಯೂ ಒಂದಿದೆ. ಅಂದರೆ ದೀರ್ಘಾಯುಷ್ಯ ಅಸಾಧ್ಯವೇನಲ್ಲ. ಕೇಳುವ ಗ್ರಾಹಕ ಬೇಕು.

ಇನ್ನೊಂದು ಹಕ್ಕು ನಮ್ಮ ಕೈಯಲ್ಲಿದ್ದೂ ನಾವು ಬಳಸಿಲ್ಲ. ಲಿನಕ್ಸ್ ಕರ್ನಲ್‌ನ ಪರವಾನಗಿಯ ಪ್ರಕಾರ, ಅದನ್ನು ಯಂತ್ರದೊಳಗೆ ಇಟ್ಟು ಮಾರುವವರು ಕರ್ನಲ್‌ನ ಮೂಲ ಸಂಕೇತವನ್ನು ಕೊಂಡವರಿಗೆ ಒದಗಿಸಲು ಬದ್ಧರು. ಭದ್ರ ಕೋಣೆಯೊಳಗಿನ ಫರ್ಮ್‌ವೇರ್‌ಗೆ ಈ ಕಟ್ಟಳೆ ಅನ್ವಯಿಸದು, ಅದು ಬೇರೆ. ಚೀಟಿ ಒಯ್ಯುವ ಗುಮಾಸ್ತನು ಕರ್ನಲ್‌ನ ಭಾಗವಾಗಿದ್ದರೆ ಅವನ ಜಾತಕ ಕೇಳುವ ಅಧಿಕಾರ ನಮಗಿದೆ. ಒಬ್ಬ ವರ್ತಕ ಕೇಳಿದರೆ ನಕ್ಕು ಸುಮ್ಮನಾಗುವವರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವರ್ತಕರೂ ಸಹಕಾರ ಸಂಘಗಳೂ ಒಟ್ಟಾಗಿ ಒಂದೇ ಖರೀದಿ ಆದೇಶದಲ್ಲಿ ಕೇಳಿದರೆ ನಗಲಾರರು. ನಮ್ಮ ವಾಣಿಜ್ಯ ಸಂಸ್ಥೆಯು ಇದರಲ್ಲಿ ಮುಂದಾಳತ್ವ ವಹಿಸಬೇಕೆಂಬುದು ನನ್ನ ವಿನಂತಿ. ಬೋಣಿಚೀಲ, ನೂಲಿನ ದಾರಗಳನ್ನು ಒಟ್ಟಾಗಿ ಕೊಂಡು ದರ ಇಳಿಸಿಕೊಂಡ ಅನುಭವ ನಮ್ಮಲ್ಲಿ ಇರುವಾಗ ಇದು ಹೊಸ ವಿದ್ಯೆಯೇನಲ್ಲ.

ನನ್ನ ಗ್ರಾಹಕರಿಗಾಗಿ ನಾನೊಂದು ಪತ್ರದ ಕರಡು ಮಾಡಿಕೊಟ್ಟಿದ್ದೇನೆ. ಯಂತ್ರದಲ್ಲಿರುವ ಕರ್ನಲ್ ಆವೃತ್ತಿ ಯಾವುದು, ಸುರಕ್ಷಿತ ಫರ್ಮ್‌ವೇರ್‌ನೊಡನೆ ಮಾತನಾಡುವ ಚಾಲಕವು ಸಾರ್ವಜನಿಕ ಕರ್ನಲ್‌ನಲ್ಲಿ ಸೇರಿದೆಯೇ ಅಥವಾ ನಿಮ್ಮ ಪ್ರತಿಯಲ್ಲಿ ಮಾತ್ರ ಇದೆಯೇ, ಯಾವ ದಿನಾಂಕದವರೆಗೆ ಸಹಿಯುಳ್ಳ ಪರಿಷ್ಕರಣೆ ಕೊಡುವಿರಿ, ನೀವು ವ್ಯವಹಾರ ನಿಲ್ಲಿಸಿದರೆ ಆ ಸಹಿಯ ಹೊಣೆಯನ್ನು ಯಾರಿಗೆ ವಹಿಸುವಿರಿ ಎಂದು ಅದರಲ್ಲಿ ಕೇಳಿದೆ. ಬೆಲೆಯ ಶೇ. 10ರಷ್ಟನ್ನು ಎರಡನೆಯ ವರ್ಷದ ಪರಿಷ್ಕರಣೆ ತಲುಪಿದ ಮೇಲೆಯೇ ಕೊಡುವುದಾಗಿಯೂ ಒಂದು ಸಾಲು ಸೇರಿಸಿದ್ದೇನೆ. ಮೂವರು ಮಾರಾಟಗಾರರಿಗೆ ಅದನ್ನು ಕಳುಹಿಸಲಾಯಿತು. ಒಬ್ಬರಿಂದ ಎರಡು ಪುಟದ ವಿವರವಾದ ಉತ್ತರ ಬಂದಿದೆ, ಬೆಲೆ ಮಾತ್ರ ನಾಲ್ಕು ಸಾವಿರ ಹೆಚ್ಚು. ಇನ್ನೊಬ್ಬರು ದೂರವಾಣಿ ಮಾಡಿ ಕರ್ನಲ್ ಎಂದರೆ ಏನು ಸಾರ್ ಎಂದು ನಮ್ಮನ್ನೇ ಕೇಳಿದರು. ಮೂರನೆಯವರ ಉತ್ತರಕ್ಕಾಗಿ ಕಾಯುತ್ತಿದ್ದೇವೆ.